ಬಚ್ಚಲ ಗೋಡೆಯ ಬೂಷ್ಟು ಯಾರ ಹೊಣೆ?

ಮಳೆಗಾಲ ಹಿಡಿಯಿತೆಂದರೆ ಹೈದರಾಬಾದಿನ ಹಳೆಯ ವಸತಿ ಸಮುಚ್ಚಯಗಳಲ್ಲಿ ಸ್ನಾನದ ಮನೆಯ ಗೋಡೆಗಳು ಕಪ್ಪಾಗತೊಡಗುತ್ತವೆ. ಮೊದಲು ಮೂಲೆಯಲ್ಲಿ ಎಳ್ಳು ಚೆಲ್ಲಿದಂತೆ ಕೆಲವು ಚುಕ್ಕೆಗಳು. ತಿಂಗಳು ಕಳೆಯುವಷ್ಟರಲ್ಲಿ ಅಂಗೈಯಗಲದ ಮಚ್ಚೆ. ದೀಪಾವಳಿಯ ವೇಳೆಗೆ ಛಾವಣಿಯ ಅಂಚಿನುದ್ದಕ್ಕೂ ಹಬ್ಬಿದ ಬೂಷ್ಟು. ಗೃಹಿಣಿ ಉಜ್ಜುತ್ತಾಳೆ, ಬಣ್ಣದವನು ಬಂದು ಬಳಿದು ಹೋಗುತ್ತಾನೆ. ಮರುವರ್ಷ ಅದೇ ಮೂಲೆಯಲ್ಲಿ ಅದೇ ಕಪ್ಪು. ಇದನ್ನು ಮನೆಯಾಕೆಯ ಶುಚಿತ್ವದ ಪ್ರಶ್ನೆಯೆಂದು ಭಾವಿಸುವ ರೂಢಿ ಬಹುಮಂದಿಯಲ್ಲಿದೆ. ಈ ರೂಢಿ ಸರಿಯಲ್ಲ. ಬೂಷ್ಟು ಮೂಲತಃ ನೀರಿನ ಪ್ರಶ್ನೆ. ಹಳೆಯ ಕಟ್ಟಡಗಳ ಮಟ್ಟಿಗೆ ಅದು ಲೆಕ್ಕಪತ್ರದ ಪ್ರಶ್ನೆಯೂ ಹೌದು.

ಗುಜರಾತಿನ ಮೊದಲ ರಾಜ್ಯಪಾಲರಾಗಿದ್ದ ಮೆಹದಿ ನವಾಜ್ ಜಂಗ್ ಅವರ ಹೆಸರನ್ನು ಹೊತ್ತ ಮೆಹದಿಪಟ್ಟಣಂ ಪ್ರದೇಶವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಇಲ್ಲಿಯೂ ಸುತ್ತಣ ಬಡಾವಣೆಗಳಲ್ಲಿಯೂ 1980 ಮತ್ತು 1990ರ ದಶಕಗಳಲ್ಲಿ ಎದ್ದ ನಾಲ್ಕೈದು ಮಹಡಿಗಳ ಕಟ್ಟಡಗಳು ಹಲವಾರಿವೆ. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರಲ್ಲಿ ಹೈದರಾಬಾದ್ ರಾಜ್ಯದಿಂದ ಬೇರ್ಪಟ್ಟು ಮೈಸೂರು ರಾಜ್ಯವನ್ನು ಸೇರಿದ ಮೇಲೂ ಈ ನಗರದ ನಂಟನ್ನು ಬಿಡದ ಕನ್ನಡಿಗರು ಇಂತಹ ಮನೆಗಳಲ್ಲಿಯೇ ಒಡೆಯರಾಗಿಯೋ ಬಾಡಿಗೆದಾರರಾಗಿಯೋ ನೆಲೆಸಿದ್ದಾರೆ. 2009ರಲ್ಲಿ ಮೆಹದಿಪಟ್ಟಣಂನಿಂದ ಆರಾಮ್‌ಘರ್‌ವರೆಗೆ 11.6 ಕಿಲೋಮೀಟರ್ ಉದ್ದದ ಪಿ. ವಿ. ನರಸಿಂಹರಾವ್ ಮೇಲುರಸ್ತೆ ತೆರೆಯಿತು. ಅದರ ಆಸುಪಾಸಿನ ಮನೆಗಳವರು ಧೂಳಿಗೂ ಸದ್ದಿಗೂ ಬೇಸತ್ತು ಕಿಟಕಿಗಳನ್ನು ಮುಚ್ಚಿಡುವುದು ಸಹಜ. ಮುಚ್ಚಿದ ಕಿಟಕಿಯು ಧೂಳನ್ನು ಹೊರಗೆ ತಡೆಯುವಂತೆಯೇ ತೇವವನ್ನು ಒಳಗೆ ತಡೆದಿಡುತ್ತದೆ.

ಹಿಂದಿನ ತಲೆಮಾರಿನ ಬಚ್ಚಲುಮನೆಯನ್ನು ನೆನೆದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಬಹುಪಾಲು ಊರುಗಳಲ್ಲಿ ಅದು ಹಿತ್ತಲ ಕಡೆಗೆ, ವಾಸದ ಕೋಣೆಗಳಿಂದ ದೂರವಾಗಿ ಇರುತ್ತಿತ್ತು. ಹಂಡೆಯ ಒಲೆ ದಿನವೂ ಉರಿದು ಗೋಡೆಯ ಪಸೆಯನ್ನು ಒಣಗಿಸುತ್ತಿತ್ತು. ಹಬ್ಬಕ್ಕೊಮ್ಮೆ ಬಳಿಯುತ್ತಿದ್ದ ಸುಣ್ಣವು ತೀವ್ರ ಕ್ಷಾರಗುಣದ್ದಾದುದರಿಂದ ಅದರ ಮೇಲೆ ಬೂಷ್ಟು ಸುಲಭವಾಗಿ ಬೇರೂರುತ್ತಿರಲಿಲ್ಲ. ಇಂದಿನ ಫ್ಲಾಟಿನಲ್ಲಿ ಬಚ್ಚಲು ಮಲಗುವ ಕೋಣೆಗೆ ಅಂಟಿಕೊಂಡಿದೆ. ಗೀಜರು ನೀರನ್ನು ಕಾಯಿಸುತ್ತದೆಯೇ ಹೊರತು ಗೋಡೆಯನ್ನು ಒಣಗಿಸುವುದಿಲ್ಲ. ಸುಣ್ಣದ ಜಾಗಕ್ಕೆ ಬಂದಿರುವ ಬಣ್ಣದಲ್ಲಿ ಬೂಷ್ಟಿಗೆ ಆಹಾರವಾಗಬಲ್ಲ ಸಾವಯವ ಪದಾರ್ಥವಿದೆ. ಗಾಳಿಗೆಂದು ಬಿಟ್ಟ ಗಾಜಿನ ಪಟ್ಟಿಗಳ ಕಿಂಡಿಯನ್ನು ಪಾರಿವಾಳ, ಸೊಳ್ಳೆಗಳ ಕಾಟಕ್ಕೆ ಹೆದರಿ ರಟ್ಟಿನಿಂದ ಮುಚ್ಚಿರುತ್ತಾರೆ. ಅದು ತೆರೆದುಕೊಳ್ಳುವ ಡಕ್ಟಿನಲ್ಲಿಯಾದರೋ ಬಿಸಿಲು ಬೀಳುವುದೇ ಅಪರೂಪ. ಇನ್ನು ನಗರದ ನೀರು ಗೊತ್ತಾದ ಹೊತ್ತಿನಲ್ಲಿ ಮಾತ್ರ ಬರುವುದರಿಂದ ಬಕೆಟ್ಟು, ಡ್ರಮ್ಮುಗಳಲ್ಲಿ ತುಂಬಿಟ್ಟ ನೀರಿನ ತಂಪು ಬೇರೆ.

ಇದರಿಂದ ಆರೋಗ್ಯಕ್ಕೆ ಏನು ಹಾನಿ? ವಿಶ್ವ ಆರೋಗ್ಯ ಸಂಸ್ಥೆಯು ತೇವ ಮತ್ತು ಬೂಷ್ಟಿನ ಬಗೆಗೆ 2009ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ, ಇಂತಹ ಮನೆಗಳಲ್ಲಿ ವಾಸಿಸುವವರಿಗೆ ಉಸಿರಾಟದ ತೊಂದರೆಗಳು, ಶ್ವಾಸಾಂಗದ ಸೋಂಕುಗಳು ಹಾಗೂ ಉಬ್ಬಸದ ಉಲ್ಬಣ ಹೆಚ್ಚೆಂದು ಹೇಳಿದೆ. ಇಷ್ಟು ಬೂಷ್ಟು ಇದ್ದರೆ ಕ್ಷೇಮ ಎಂಬ ಮಿತಿಯನ್ನು ಅದು ಹಾಕಿಕೊಡಲಿಲ್ಲ. ತೇವವನ್ನೇ ತಡೆಯಬೇಕೆಂಬುದು ಅದರ ಸಲಹೆ. ಹಾಗೆಂದು ಅತಿಯಾದ ಭಯವೂ ಸಲ್ಲದು. 2021ರಲ್ಲಿ ಕೋವಿಡ್ ಬಂದು ಹೋದವರಲ್ಲಿ 'ಕಪ್ಪು ಶಿಲೀಂಧ್ರ' ರೋಗ ಕಾಣಿಸಿಕೊಂಡು, ಕೋಠಿಯ ಕಿವಿ-ಮೂಗು-ಗಂಟಲು ಆಸ್ಪತ್ರೆಯು ಅದರ ಚಿಕಿತ್ಸೆಯ ಕೇಂದ್ರವಾದಾಗ, ಬಚ್ಚಲ ಕಪ್ಪನ್ನು ಕಂಡು ಗಾಬರಿಯಾದವರುಂಟು. ಆ ರೋಗವನ್ನು ತರುವ ಶಿಲೀಂಧ್ರದ ಜಾತಿಯೇ ಬೇರೆ. ರೋಗಕ್ಕೆ ಆ ಹೆಸರು ಬಂದುದು ಸತ್ತ ಅಂಗಾಂಶ ಕಪ್ಪಾಗುವುದರಿಂದ. ಬಚ್ಚಲ ಬೂಷ್ಟಿನಿಂದ ಆರೋಗ್ಯವಂತ ಯುವಕನಿಗೆ ಸೀನು, ನೆಗಡಿಗಿಂತ ಹೆಚ್ಚಿನದೇನೂ ಆಗದಿರಬಹುದು. ಆದರೆ ಉಬ್ಬಸವುಳ್ಳ ಮಗುವಿಗೆ, ದುರ್ಬಲ ಶ್ವಾಸಕೋಶದ ವೃದ್ಧರಿಗೆ, ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಅದು ಸಣ್ಣ ವಿಷಯವಲ್ಲ. ಊರಿನಿಂದ ಚಿಕಿತ್ಸೆಗೆಂದು ಮಕ್ಕಳ ಮನೆಗೆ ಬರುವ ತಂದೆತಾಯಿಗಳು ಹಗಲಿರುಳು ಇಂತಹ ಗೋಡೆಗಳ ನಡುವೆಯೇ ಇರುತ್ತಾರೆಂಬುದನ್ನು ಮರೆಯಬಾರದು.

ಅಸಡ್ಡೆ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ಇಂಗ್ಲೆಂಡಿನ ರಾಚ್‌ಡೇಲ್ ಊರಿನ ಪ್ರಕರಣ ಸಾಕ್ಷಿ. ಸೂಡಾನಿನಿಂದ ಬಂದು ನೆಲೆಸಿದ್ದ ಕುಟುಂಬವೊಂದು ತನ್ನ ಬಾಡಿಗೆ ಫ್ಲಾಟಿನ ಬಚ್ಚಲು, ಅಡುಗೆಮನೆಗಳಲ್ಲಿ ಹಬ್ಬಿದ ಬೂಷ್ಟಿನ ಬಗ್ಗೆ ದೂರಿದಾಗ ಅದರ ಮೇಲೆ ಬಣ್ಣ ಬಳಿಯಿರೆಂಬ ಉತ್ತರ ಸಿಕ್ಕಿತು. 2020ರ ಡಿಸೆಂಬರಿನಲ್ಲಿ ಎರಡು ವರ್ಷದ ಕಂದ ಆವಾಬ್ ತೀರಿಕೊಂಡ. ಬೂಷ್ಟಿನ ದೀರ್ಘ ಸಂಪರ್ಕದಿಂದ ಉಂಟಾದ ಶ್ವಾಸರೋಗವೇ ಸಾವಿಗೆ ಕಾರಣವೆಂದು 2022ರ ನವೆಂಬರಿನಲ್ಲಿ ವಿಚಾರಣಾಧಿಕಾರಿ ತೀರ್ಪಿತ್ತರು. ಕುಟುಂಬದ ಸ್ನಾನದ ಪದ್ಧತಿಯೇ ತೇವಕ್ಕೆ ಕಾರಣವೆಂದು ಊಹಿಸಿದ್ದು ತಪ್ಪೆಂದು ಮನೆಯ ಒಡೆತನದ ಸಂಸ್ಥೆ ಅನಂತರ ಒಪ್ಪಿಕೊಂಡಿತು. ಆ ಮಗುವಿನ ಹೆಸರಿನ ಕಾಯಿದೆ 2025ರ ಅಕ್ಟೋಬರಿನಿಂದ ಅಲ್ಲಿನ ಸಾರ್ವಜನಿಕ ಬಾಡಿಗೆ ಮನೆಗಳಲ್ಲಿ ಜಾರಿಗೆ ಬಂದು, ಅಪಾಯಕರ ತೇವ-ಬೂಷ್ಟಿನ ದೂರನ್ನು ಗೊತ್ತಾದ ದಿನಗಳೊಳಗೆ ಪರಿಶೀಲಿಸುವುದನ್ನು ಕಡ್ಡಾಯಗೊಳಿಸಿದೆ. ಪರಸ್ಥಳದಲ್ಲಿ ಬಾಳುವವರ ದೂರಿಗೆ ಅವರ ನಡೆನುಡಿಯನ್ನೇ ಹೊಣೆಮಾಡುವ ಚಾಳಿ ಯಾವ ದೇಶಕ್ಕೂ ಹೊಸದಲ್ಲ.

ಹಳೆಯ ಕಟ್ಟಡಗಳಲ್ಲಿ ಗೋಡೆಯ ನೀರು ಬಹುಮಟ್ಟಿಗೆ ಮೇಲಿನ ಮನೆಯಿಂದಲೋ ಒಳಗಿನ ಕೊಳವೆಯಿಂದಲೋ ಬರುತ್ತದೆ. ಮೂವತ್ತು ನಲವತ್ತು ವರ್ಷಗಳ ಕಬ್ಬಿಣದ ಕೊಳವೆಗಳು ತುಕ್ಕು ಹಿಡಿದಿರುತ್ತವೆ. ಬಚ್ಚಲ ನೆಲದಡಿಯ ಜಲನಿರೋಧಕ ಲೇಪ ಸವೆದಿರುತ್ತದೆ. ಕೆಳಗಿನವರು ದೂರುತ್ತಾರೆ, ಮೇಲಿನವರು 'ನಮ್ಮ ನೆಲ ಒಣಗಿದೆ' ಎನ್ನುತ್ತಾರೆ, ಸಂಘದವರು 'ನಿಮ್ಮಿಬ್ಬರ ವಿಷಯ' ಎಂದು ಕೈ ತೊಳೆದುಕೊಳ್ಳುತ್ತಾರೆ. ಕಟ್ಟಿದವನನ್ನು ಹಿಡಿಯೋಣವೆಂದರೆ, 2016ರ ಸ್ಥಿರಾಸ್ತಿ ಕಾಯಿದೆಯಲ್ಲಿಯೂ ದೋಷದ ಹೊಣೆ ಸ್ವಾಧೀನ ಕೊಟ್ಟ ಐದು ವರ್ಷಗಳಿಗೆ ಸೀಮಿತ. ಉಳಿಯುವುದು ಮಾಲೀಕರ ಸಂಘವೊಂದೇ. 1987ರ ಆಂಧ್ರಪ್ರದೇಶ ಅಪಾರ್ಟ್‌ಮೆಂಟು ಕಾಯಿದೆ, ತೆಲಂಗಾಣದಲ್ಲಿಯೂ ಮುಂದುವರಿದಿರುವಂಥದು, ಸಾಮಾನ್ಯ ಭಾಗಗಳ ವೆಚ್ಚವನ್ನು ಮಾಲೀಕರೆಲ್ಲರೂ ಹಂಚಿಕೊಳ್ಳುವ ವ್ಯವಸ್ಥೆಯನ್ನು ಕಲ್ಪಿಸಿದೆ.

ಆದರೆ ಸಂಘಗಳ ಜಮಾಖರ್ಚನ್ನು ನೋಡಿದರೆ ನಿಜಸ್ಥಿತಿ ತಿಳಿಯುತ್ತದೆ. ತಿಂಗಳ ವಂತಿಗೆ ಕಾವಲುಗಾರನ ಸಂಬಳ, ಲಿಫ್ಟು, ದೀಪ, ಟ್ಯಾಂಕರ್ ನೀರಿಗೆ ಸರಿಹೋಗುತ್ತದೆ. ಕಟ್ಟಡ ವರ್ಷವರ್ಷವೂ ಸವೆಯುತ್ತಿದ್ದರೂ ಆ ಸವಕಳಿಗೆಂದು ಒಂದು ಪೈಸೆಯೂ ಮೀಸಲಾಗುವುದಿಲ್ಲ. ಯಾವ ವ್ಯಾಪಾರಿಯೂ ಯಂತ್ರಕ್ಕೆ ಸವಕಳಿ ತೆಗೆಯದೆ ಲಾಭ ಹಂಚಿಕೊಂಡರೆ ಅದನ್ನು ಜಾಣತನವೆನ್ನುವುದಿಲ್ಲ. ಇಪ್ಪತ್ತು ಮನೆಗಳ ಕಟ್ಟಡದಲ್ಲಿ ಮನೆಯೊಂದಕ್ಕೆ ತಿಂಗಳಿಗೆ 300 ರೂಪಾಯಿಯಂತೆ ಪ್ರತ್ಯೇಕ ಖಾತೆಗೆ ಹಾಕಿದರೆ ವರ್ಷಕ್ಕೆ 72,000, ಐದು ವರ್ಷಕ್ಕೆ ಬಡ್ಡಿಯ ಹೊರತಾಗಿ 3,60,000 ರೂಪಾಯಿ ಕೂಡುತ್ತದೆ. ಡಕ್ಟಿನ ಕೊಳವೆಗಳನ್ನು ಒಂದೊಂದು ಸಾಲಿನಂತೆ ಬದಲಿಸತೊಡಗಲು ಇದು ಒಳ್ಳೆಯ ಮೂಲಧನ. ಜೊತೆಗೆ ಒಂದು ಲಿಖಿತ ನಿಯಮವೂ ಬೇಕು: ಸೋರಿಕೆಯ ದೂರು ಬಂದರೆ ಮೇಲಿನ ಬಚ್ಚಲ ಜಾಲಿಯನ್ನು ಮುಚ್ಚಿ, ಒಂದು ದಿನ ನೀರು ನಿಲ್ಲಿಸಿ, ಉಭಯರ ಸಮಕ್ಷಮ ಪರೀಕ್ಷಿಸುವುದು; ದೋಷ ನೆಲದಲ್ಲಿದ್ದರೆ ಮೇಲಿನವರೂ, ಸಾಮಾನ್ಯ ಕೊಳವೆಯಲ್ಲಿದ್ದರೆ ಸಂಘವೂ ವೆಚ್ಚ ಭರಿಸುವುದು. ನಿಯಮವಿದ್ದಲ್ಲಿ ಜಗಳ ಕಡಿಮೆ.

ಮನೆಯವರ ಪಾಲಿನ ಕರ್ತವ್ಯವೂ ಇಲ್ಲದಿಲ್ಲ. ಸ್ನಾನವಾದ ಮೇಲೆ ಗೋಡೆ, ನೆಲಗಳ ನೀರನ್ನು ಎಳೆದು ತೆಗೆಯುವುದು, ಕಿಂಡಿಗೆ ರಟ್ಟಿನ ಬದಲು ಜಾಲರಿ ಹಾಕುವುದು, ಗಾಳಿ ಹೊರದೂಡುವ ಫ್ಯಾನನ್ನು ಸ್ನಾನದ ನಂತರವೂ ಸ್ವಲ್ಪ ಹೊತ್ತು ನಡೆಸುವುದು, ಒದ್ದೆ ಬಟ್ಟೆಯನ್ನು ಒಳಗೆ ಹರವದಿರುವುದು — ಇವು ಖರ್ಚಿಲ್ಲದ ಅಥವಾ ಅಲ್ಪ ಖರ್ಚಿನ ಉಪಾಯಗಳು. ಸಣ್ಣ ಮಚ್ಚೆಯನ್ನು ಮೂಗಿಗೆ ಮಾಸ್ಕು, ಕೈಗೆ ಗವಸು ಧರಿಸಿ ಸಾಬೂನು ನೀರಿನಿಂದ ಉಜ್ಜಿ ಪೂರ್ತಿಯಾಗಿ ಒಣಗಿಸಬೇಕು. ಉಬ್ಬಸವುಳ್ಳವರು ಈ ಕೆಲಸಕ್ಕೆ ಇಳಿಯಬಾರದು. ಬ್ಲೀಚಿಂಗ್ ದ್ರಾವಣವನ್ನು ಬಚ್ಚಲು ತೊಳೆಯುವ ಆಸಿಡ್ಡಿನೊಡನೆ ಎಂದಿಗೂ ಬೆರೆಸಬಾರದು. ಅದರಿಂದ ಹುಟ್ಟುವ ಕ್ಲೋರಿನ್ ವಿಷಾನಿಲವು ಬೂಷ್ಟಿಗಿಂತ ಬೇಗ ಶ್ವಾಸಕೋಶವನ್ನು ಸುಡುತ್ತದೆ. ಸೋರಿಕೆ ನಿಲ್ಲುವ ಮುನ್ನ ಬಳಿಯುವ ಬಣ್ಣವಂತೂ ಹುಣ್ಣಿನ ಮೇಲೆ ಹಚ್ಚಿದ ಪೌಡರಿನಂತೆ.

ಬಾಡಿಗೆದಾರರ ಪಾಡು ಇನ್ನೂ ಕಷ್ಟ. ದೂರಿದರೆ ಮನೆ ಬಿಡಿಸಿಯಾರೆಂಬ ಅಂಜಿಕೆಯಿಂದ ಅವರು ಸುಮ್ಮನಿರುತ್ತಾರೆ. ಸಂಘದ ಸಭೆಗಳಲ್ಲಿ ಅವರಿಗೆ ಮತವಿಲ್ಲದಿದ್ದರೂ ಮಾತಿಗೆ ಅವಕಾಶವಿರಬೇಕು. ಏಕೆಂದರೆ ಆ ಗೋಡೆಯ ಗಾಳಿಯನ್ನು ಉಸಿರಾಡುವವರು ಅವರೇ. ಸ್ವಂತ ಫ್ಲಾಟುಳ್ಳ ಕನ್ನಡಿಗರು ಇದರಲ್ಲಿ ಮುಂದಾಗಬೇಕು. 'ಮನೆ ಕಟ್ಟಿ ನೋಡು' ಎಂದ ಹಿರಿಯರು ಕಟ್ಟುವ ಕಷ್ಟವನ್ನು ಹೇಳಿದರು; ಕಟ್ಟಿದ್ದನ್ನು ಕಾಪಾಡುವ ಕಷ್ಟ ಈಗಿನ ತಲೆಮಾರಿನ ಪಾಲಿಗೆ ಬಂದಿದೆ. ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ದುರಸ್ತಿ ನಿಧಿಯೆಂಬ ಒಂದು ಸಾಲು ಸೇರಿದರೆ, ಬರುವ ಮಳೆಗಾಲದೊಳಗೆ ಒಂದು ಸಾಲು ಕೊಳವೆಯಾದರೂ ಬದಲಾದೀತು.