ಕೆಳಗಿನಿಂದ ಮೇಲಕ್ಕೆ

ಪರದೇಶ ಸುತ್ತಿ ಬಂದವರ ಎದುರಿಗೆ ಕುಳಿತು ಕಥೆ ಕೇಳುವುದು, ಊರು ಬಿಟ್ಟು ಕದಲದ ಮೇಷ್ಟರಿಗೆ ಅಷ್ಟೇನೂ ಸುಖದ ಕೆಲಸವಲ್ಲ. ಕಳೆದ ದೀಪಾವಳಿಗೆ ನನ್ನ ಭಾವಮೈದುನ ನಮ್ಮಲ್ಲಿಗೆ ಬಂದಿದ್ದ. ಕಂಪನಿಯ ಕೆಲಸಕ್ಕೆಂದು ಅಥೆನ್ಸಿಗೆ ಹೋಗಿದ್ದವನು, ಬಿಡುವಿದ್ದ ಒಂದು ದಿನ ತನಗಾಗಿಯೇ ಕಾರೊಂದನ್ನು ಗೊತ್ತುಮಾಡಿಕೊಂಡು ಗ್ರೀಕರ ಹಳೆಯ ಅವಶೇಷಗಳನ್ನೆಲ್ಲ ನೋಡಿದನಂತೆ. ಬೆಳಿಗ್ಗೆ ಆಕ್ರೊಪೊಲಿಸ್ ಗುಡ್ಡದ ಮೇಲಿನ ಪಾರ್ಥೆನಾನ್ ದೇಗುಲ. ಮಧ್ಯಾಹ್ನ ಸುಮಾರು 80 ಕಿಲೋಮೀಟರ್ ದೂರದ ಕೊರಿಂತ್. ಅಲ್ಲಿ ಅಪೊಲೊ ದೇವಾಲಯದಲ್ಲಿ ಇನ್ನೂ ನಿಂತಿರುವ ಏಳು ಕಂಬಗಳು. ಕ್ರಿಸ್ತಪೂರ್ವ 6ನೆಯ ಶತಮಾನದವು. ಒಂದೊಂದು ಚಿತ್ರವನ್ನೂ ಫೋನಿನಲ್ಲಿ ದೊಡ್ಡದು ಮಾಡಿ ಮಾಡಿ ತೋರಿಸಿದ.

ಸುಮ್ಮನೆ ಕೇಳುತ್ತ ಕೂರುವುದು ನನ್ನ ವೃತ್ತಿಧರ್ಮಕ್ಕೆ ವಿರುದ್ಧ. ಪಾರ್ಥೆನಾನನ್ನು ಕ್ರಿಸ್ತಪೂರ್ವ 447ರಲ್ಲಿ ಕಟ್ಟತೊಡಗಿದರೆಂದೂ, ಆ ಕಾಲದಲ್ಲಿದ್ದ ಸಾಫೊಕ್ಲಿಸನ ನಾಟಕವೊಂದನ್ನೇ ನಮ್ಮ ಬಿ.ಎಂ.ಶ್ರೀಯವರು 1929ರಲ್ಲಿ ‘ಅಶ್ವತ್ಥಾಮನ್’ ಆಗಿ ಕನ್ನಡಕ್ಕೆ ತಂದರೆಂದೂ ನಡುನಡುವೆ ಪಾಠ ಹೇಳಿದೆ. ಭಾವಮೈದುನ ಮರ್ಯಾದಸ್ಥ, ತಲೆಯಾಡಿಸಿದ. ಎಂಟು ವರ್ಷದ ನನ್ನ ಮಗಳು ಮಾತ್ರ ಚಿತ್ರದಿಂದ ಕಣ್ಣು ತೆಗೆಯದೆ ಕೇಳಿದಳು: “ಅಪ್ಪ, ಇಂಥ ಹಳೇ ಕಂಬ ನಮ್ಮ ಕಡೆ ಇಲ್ಲವಾ?”

“ಯಾಕಿಲ್ಲ? ತಾಳಗುಂದದಲ್ಲಿದೆ. ಸಾವಿರದ ಐನೂರು ವರ್ಷಕ್ಕಿಂತ ಹಳೆಯದು. ಮಯೂರನ ಕಥೆ ಅದರ ಮೇಲೇ ಬರೆದಿದೆ.”

“ಹೇಗಿದೆ ಅದು?”

ವಾಚಕರೇ, ಇಲ್ಲಿ ನನ್ನ ಬಾಯಿ ಕಟ್ಟಿತು. ತಾಳಗುಂದದ ಸ್ತಂಭಶಾಸನವನ್ನು ನಾನು ಒಂಬತ್ತು ವರ್ಷಗಳಿಂದ ತರಗತಿಯಲ್ಲಿ ವಿವರಿಸುತ್ತ ಬಂದಿದ್ದೇನೆ. 1894ರಲ್ಲಿ ಬಿ.ಎಲ್. ರೈಸರು ಅದನ್ನು ಬೆಳಕಿಗೆ ತಂದುದು, ಕದಂಬ ಶಾಂತಿವರ್ಮನ ಅಪ್ಪಣೆಯಂತೆ ಕುಬ್ಜನೆಂಬ ಕವಿ ಅದನ್ನು ಸಂಸ್ಕೃತದಲ್ಲಿ ರಚಿಸಿದುದು, ಎಲ್ಲವೂ ಕಂಠಪಾಠ. ಆದರೆ ಆ ಕಂಬವನ್ನು ನಾನು ನೋಡಿರಲಿಲ್ಲ. ನಮ್ಮ ಗಾಂಧಿ ಬಜಾರಿನಿಂದ ತಾಳಗುಂದಕ್ಕಿರುವ ದೂರ, ಅಥೆನ್ಸಿನಿಂದ ಕೊರಿಂತಿಗಿರುವಷ್ಟೇ ಸರಿಸುಮಾರು. ಒಮ್ಮೆ ಮಳೆ, ಒಮ್ಮೆ ಉತ್ತರಪತ್ರಿಕೆಗಳ ಮೌಲ್ಯಮಾಪನ, ಒಮ್ಮೆ ಯಾರದೋ ಮದುವೆ. ಹೀಗೆ ಒಂಬತ್ತು ವರ್ಷ ಕಳೆದಿತ್ತು.

“ಭಾವ, ಅಲ್ಲಿ ಗೈಡಿಗೆ ದುಡ್ಡು ತೆತ್ತೆ. ಇಲ್ಲಿ ನೀವೇ ಇದ್ದೀರಿ. ಕಾರು ನನ್ನ ಲೆಕ್ಕ,” ಎಂದ ಭಾವಮೈದುನ. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ.

ಭಾನುವಾರ ಬೆಳಿಗ್ಗೆ ಆರಕ್ಕೆ ಗಾಂಧಿ ಬಜಾರಿನ ತಿರುವಿನಲ್ಲಿ ಕಾರು ಬಂದು ನಿಂತಿತು. ಬಟ್ಟೆಯಂಗಡಿಗಳ ಬಾಗಿಲಿನ್ನೂ ತೆರೆದಿರಲಿಲ್ಲ. ಹೂವಿನವಳೊಬ್ಬಳು ಆಗತಾನೆ ಬುಟ್ಟಿ ಇಳಿಸುತ್ತಿದ್ದಳು. ನನ್ನಾಕೆ ಎರಡು ಮೊಳ ಮಲ್ಲಿಗೆ ಕೊಂಡಳು. ಚಿತ್ರಾನ್ನದ ಡಬ್ಬಿ, ಮೊಸರನ್ನದ ಡಬ್ಬಿ, ನೀರಿನ ಕೊಡ, ಚಾಪೆ, ಇವೆಲ್ಲ ಏರಿದ ಮೇಲೆ ನಮಗೂ ಸ್ಥಳ ದೊರೆಯಿತು. ಸವಳಂಗದ ಹಾದಿ ಹಿಡಿದು ಶಿಕಾರಿಪುರ, ಅಲ್ಲಿಂದ ಶಿರಾಳಕೊಪ್ಪ. ಬಿಸಿಲೇರುವ ಮುನ್ನವೇ ಬಳ್ಳಿಗಾವೆ.

ಚಾಲುಕ್ಯರ ಕಾಲದಲ್ಲಿ ಬನವಾಸಿ ಪನ್ನಿರ್ಚ್ಛಾಸಿರಕ್ಕೆ ರಾಜಧಾನಿಯಾಗಿದ್ದ ಪಟ್ಟಣವಿದು. ಅಲ್ಲಮಪ್ರಭುವಿನ ಹುಟ್ಟೂರೆಂದು ಹೆಸರಾದದ್ದು. ಈಗ ಹೊಲಗದ್ದೆಗಳ ನಡುವಣ ಹಳ್ಳಿ. 1047ರಲ್ಲಿ ಚಾವುಂಡರಾಯರಸನು ನಿಲ್ಲಿಸಿದ ಗಂಡಭೇರುಂಡದ ಕಂಬವನ್ನು ಕತ್ತೆತ್ತಿ ನೋಡಿದೆವು. ತ್ರಿಪುರಾಂತಕನ ಗುಡಿಯಲ್ಲಿ ಪಂಚತಂತ್ರದ ಪ್ರಾಣಿಗಳನ್ನು ಗುರುತಿಸಿದ ಮಗಳು ಅಲ್ಲಿಂದ ಕದಲಲೊಲ್ಲಳು. ಮೂರು ಗರ್ಭಗುಡಿಗಳ ಕೇದಾರೇಶ್ವರದ ಮಂಟಪದಲ್ಲಿ ನಾನು ಕೋಡಿಯ ಮಠದ ಪ್ರಸ್ತಾಪ ತೆಗೆದೆ. 1162ರ ಶಾಸನದಂತೆ, ಈ ಗುಡಿಗೆ ಸೇರಿದ ಆ ಮಠದಲ್ಲಿ ವೇದ, ತರ್ಕ, ಪಾಣಿನೀಯವೇ ಮೊದಲಾದ ವ್ಯಾಕರಣಗಳ ಪಾಠ ನಡೆಯುತ್ತಿತ್ತು. ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ ದೊರೆಯುತ್ತಿತ್ತು. ರೋಗಿಗಳಿಗೆ ಔಷಧ ಸಿಗುತ್ತಿತ್ತು. “ಪಾಠದ ಜೊತೆಗೆ ಊಟವೂ ಔಷಧವೂ! ಒಳ್ಳೇ ಏರ್ಪಾಡು,” ಎಂದಳು ನನ್ನಾಕೆ, ಡಬ್ಬಿಯ ಮುಚ್ಚಳ ತೆಗೆಯುತ್ತ. ಅಲ್ಲಿಯವರೆಗೆ ನನ್ನ ಗೈಡುಗಾರಿಕೆ ಸಾಂಗವಾಗಿಯೇ ನಡೆದಿತ್ತು.

ತಾಳಗುಂದ ಅಲ್ಲಿಗೆ ಸಮೀಪ. ಪ್ರಣವೇಶ್ವರ ದೇವಾಲಯ ಚಿಕ್ಕದು, ಆಡಂಬರವಿಲ್ಲದ್ದು. ಅದರ ಮುಂದೆ ಆ ಕಂಬ. ಆಳೆತ್ತರಕ್ಕೂ ತುಸು ಕಡಿಮೆ. ಎಂಟು ಮುಖದ ಬೂದುಗಲ್ಲು. ಕೊರಿಂತಿನ ಕಂಬಗಳನ್ನು ಕಂಡವನು “ಇದೇನಾ ಭಾವ?” ಎಂದ. ನಾನು ಗಂಭೀರವಾಗಿ ಮುಂದೆ ಹೋಗಿ ಓದಲು ನಿಂತೆ. ತಲೆಯ ಮೇಲೆ ಸಣ್ಣ ಪೆಟ್ಟಿಗೆ ಹೊತ್ತಂಥ ಅಕ್ಷರಗಳು ಸ್ಪಷ್ಟವಾಗಿಯೇ ಇದ್ದುವು. ಆದರೆ ಶಾಸನ ಎಲ್ಲಿ ಮೊದಲಾಗುತ್ತದೆ? ಮೇಲೆ ಹುಡುಕಿದೆ, ಇಲ್ಲ. ಎಡದಿಂದ ಬಲಕ್ಕೆ ನೋಡಿದೆ, ಪದ ಕೂಡಲಿಲ್ಲ. ಕಂಬಕ್ಕೆ ಎರಡು ಪ್ರದಕ್ಷಿಣೆ ಬಂದೆ. ಬೆವರು ಬಂದಿತು. ಪುಸ್ತಕದಲ್ಲಿ ಅಚ್ಚುಕಟ್ಟಾಗಿ ಅಡ್ಡಸಾಲಿನಲ್ಲಿ ನಿಂತ ಶ್ಲೋಕಗಳನ್ನೇ ಒಂಬತ್ತು ವರ್ಷ ಓದಿದವನಿಗೆ, ಕಲ್ಲಿನ ಮೇಲೆ ಅವು ಹೇಗೆ ನಿಂತಿವೆಯೆಂಬ ಯೋಚನೆಯೇ ಬಂದಿರಲಿಲ್ಲ.

ಮಗಳು ಕುಕ್ಕರಗಾಲಿನಲ್ಲಿ ಕುಳಿತು ಕತ್ತನ್ನು ಭುಜದ ಮೇಲೆ ವಾಲಿಸಿದ್ದಳು. “ಅಪ್ಪ, ಅಕ್ಷರಗಳೆಲ್ಲ ಮಲಗಿವೆ. ಕೆಳಗಿನಿಂದ ಮೇಲಕ್ಕೆ ಹತ್ತುತ್ತಿವೆ.”

ಅವಳ ಪಕ್ಕದಲ್ಲಿ ನಾನೂ ಕುಳಿತು ಕತ್ತು ವಾಲಿಸಿದೆ. ಹೌದು, ಸಾಲುಗಳು ಬುಡದಿಂದ ಆರಂಭವಾಗಿ ನೆತ್ತಿಯ ಕಡೆಗೆ ಏರುತ್ತವೆ. ಒಂದೊಂದು ಮುಖದ ಮೇಲೆ ಎರಡೆರಡು ಸಾಲು. ಕೊನೆಯ ಮುಖದಲ್ಲಿ ಮಾತ್ರ ಒಂದು ಮೋಟುಸಾಲು. ಬುಡದ ಬಳಿ ಆರಂಭದ ಪದ ಸಿಕ್ಕಿತು. ಆಮೇಲೆ ಒಂದೊಂದಾಗಿ ಹೆಸರುಗಳು ಸಿಕ್ಕುತ್ತ ಹೋದುವು.

ಹಾಗೆಯೇ ಕುಳಿತು ಅವಳಿಗೆ ಕಥೆ ಹೇಳಿದೆ. ಮಯೂರಶರ್ಮನೆಂಬ ಹುಡುಗ ಹಿರಿಯನಾದ ವೀರಶರ್ಮನೊಡನೆ ವೇದಾಧ್ಯಯನಕ್ಕಾಗಿ ಕಂಚಿಯ ಘಟಿಕೆಗೆ ಹೋದ. ಅಲ್ಲಿ ಪಲ್ಲವರ ಕುದುರೆಯಾಳಿನೊಡನೆ ಜಗಳವಾಯಿತು, ಅಪಮಾನ ತಾಳದೆ ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದ, ರಾಜನಾದ. “ಸಿನಿಮಾದಲ್ಲಿ ರಾಜ್‌ಕುಮಾರ್!” ಎಂದಳು. 1975ರ ಚಿತ್ರ ಅವಳ ಅಜ್ಜಿಯ ಕೃಪೆಯಿಂದ ಅವಳಿಗೂ ಗೊತ್ತು.

ಕತ್ತಿಯ ಮಾತನ್ನು ಸಾವಿರ ಸಲ ಹೇಳಿದ್ದೇನೆ. ಆದರೆ ಅಂದು ನನ್ನ ಮನಸ್ಸಿಗೆ ನಾಟಿದ್ದು ಅದಕ್ಕೂ ಹಿಂದಿನ ಮಾತು. ಓದುವುದಕ್ಕಾಗಿ ಅವನು ಇಲ್ಲಿಂದ ಕಂಚಿಗೆ ಹೋಗಿದ್ದ. ರಸ್ತೆ, ರೈಲು ಇಲ್ಲದ ಕಾಲದಲ್ಲಿ, ನಾಡುಕಾಡು ದಾಟಿ. ಅವನ ಕಥೆಯನ್ನು ಕಲಿಸಿ ಸಂಬಳ ಪಡೆಯುವ ನನಗೆ ಎರಡು ಗಂಟೆಯ ಹಾದಿ ದೂರವಾಗಿತ್ತು. ಈ ಕಾವ್ಯವನ್ನು ಬರೆದ ಕುಬ್ಜ, ಕಲ್ಲಿನ ಮೇಲೆ ತಾನೇ ಇದನ್ನು ಬರೆದೆನೆಂದು ಕೊನೆಯಲ್ಲಿ ಹೇಳಿಕೊಂಡಿದ್ದಾನೆ. ಅವನೂ ಈ ಬುಡದ ಬಳಿ ಬಾಗಿರಬೇಕಷ್ಟೆ.

ಇದೇ ಗುಡಿಯ ಆವರಣದಲ್ಲಿ 2013ರ ಉತ್ಖನನದ ವೇಳೆ ಸಿಂಹಕಟಾಂಜನದ ಶಾಸನ ದೊರೆತು, ಅದರ ಕನ್ನಡ ಸುಮಾರು 370ರದು, ಹಲ್ಮಿಡಿಗಿಂತಲೂ ಹಳೆಯದೆಂದು ಪುರಾತತ್ತ್ವಜ್ಞರು ಹೇಳಿದ್ದನ್ನೂ ತಿಳಿಸಿದೆ. ಭಾವಮೈದುನ ಈ ಬಾರಿ ತಲೆಯಾಡಿಸಲಿಲ್ಲ. ಕಂಬದ ಬುಡದಲ್ಲಿ ಕುಳಿತು, ಫೋನನ್ನು ಅಡ್ಡ ಹಿಡಿದು, ಮೆಲ್ಲಗೆ ಚಿತ್ರ ತೆಗೆಯುತ್ತಿದ್ದ. “ಅಲ್ಲಿ ಇಷ್ಟು ಹೊತ್ತು ಯಾವ ಕಂಬದ ಮುಂದೆಯೂ ಕೂತಿರಲಿಲ್ಲ ಭಾವ,” ಎಂದ.

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆವು. ಮರುದಿನ ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಒಂದು ಕಂಬ ಬರೆದು, ಬುಡದಿಂದ ಮೇಲಕ್ಕೆ ಬಾಣದ ಗುರುತು ಹಾಕಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ: “ಸಾರ್, ನೀವು ನೋಡಿದ್ದೀರಾ?”

“ನಿನ್ನೆ ನೋಡಿದೆ,” ಎಂದೆ. ತರಗತಿ ನಕ್ಕಿತು. ಮುಂದಿನ ತಿಂಗಳ ಎರಡನೆಯ ಶನಿವಾರ ಅವರೆಲ್ಲರಿಗಾಗಿ ಬಸ್ಸೊಂದನ್ನು ಗೊತ್ತುಮಾಡಿದ್ದೇನೆ. ಮಗಳೂ ಬರುತ್ತಾಳೆ, ಎಲ್ಲಿಂದ ಓದಬೇಕೆಂದು ತೋರಿಸುವ ಕೆಲಸ ಅವಳದಂತೆ.