ಚಿಕಿತ್ಸೆ ಮಗುವಿಗೆ, ಪಾಠ ಮನೆಮಂದಿಗೆ

ಎರಡೂವರೆ ವರ್ಷದ ಮಗು ಹೆಸರು ಹಿಡಿದು ಕರೆದರೂ ತಿರುಗಿ ನೋಡುವುದಿಲ್ಲ. ಬೇಕಾದುದನ್ನು ಬೆರಳು ತೋರಿಸಿ ಕೇಳುವುದಿಲ್ಲ. ಆಟಿಕೆ ಕಾರಿನ ಚಕ್ರವನ್ನು ತಾಸುಗಟ್ಟಲೆ ತಿರುಗಿಸುತ್ತಾ ಕುಳಿತಿರುತ್ತದೆ. ಇಂತಹ ಮನೆಗೆ ಬರುವ ಬಂಧುಗಳು, 'ಇವನ ಮಾಮೂ ಕೂಡ ತಡವಾಗಿ ಮಾತು ಕಲಿತವನೇ, ಗಾಬರಿ ಬೇಡ' ಎಂದು ಸಮಾಧಾನ ಹೇಳುತ್ತಾರೆ. ಕೆಲವರು ದೃಷ್ಟಿ ತಾಗಿದೆಯೆನ್ನುತ್ತಾರೆ, ಇನ್ನು ಕೆಲವರು ಜಿನ್ನ್ ಬಾಧೆಯೆನ್ನುತ್ತಾರೆ. ತಾಯಿತ ಕಟ್ಟುವವರ ಬಾಗಿಲು ಅಲೆಯುವುದರಲ್ಲೇ ಎರಡು ವರ್ಷಗಳು ಕಳೆದುಹೋಗುತ್ತವೆ. ಮಗುವಿನ ಮೆದುಳು ಅತಿ ವೇಗವಾಗಿ ಬೆಳೆಯುವ ಕಾಲ ಅದೇ ಆಗಿತ್ತೆಂಬುದು ತಿಳಿಯುವಾಗ ಬಹಳ ತಡವಾಗಿರುತ್ತದೆ. ದುಆ ಮಾಡಬಾರದೆಂದು ಯಾರೂ ಹೇಳುವುದಿಲ್ಲ. ಆದರೆ ದುಆ ಚಿಕಿತ್ಸೆಯ ದಾರಿಯನ್ನು ಮುಚ್ಚುವುದಿಲ್ಲ ಎಂಬುದನ್ನು ನಾವು ಮರೆಯಬಾರದು.

ಮೈಸೂರಿನ ಮಟ್ಟಿಗಂತೂ ಈ ವಿಳಂಬ ವಿಷಾದಕರ. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಸ್ಥಾಪನೆಯಾದುದು. ಮಾತು, ಶ್ರವಣ ಮತ್ತು ಸಂವಹನದ ತೊಂದರೆಯಿರುವ ಮಕ್ಕಳನ್ನು ಎತ್ತಿಕೊಂಡು ಹೊರರಾಜ್ಯಗಳ ಹೆತ್ತವರು ರೈಲು ಹತ್ತಿ ಅಲ್ಲಿಗೆ ಬರುತ್ತಾರೆ. ಅದೇ ನಗರದ ಉದಯಗಿರಿಯಲ್ಲೋ ರಾಜೀವನಗರದಲ್ಲೋ ಇರುವ ನಮಗೆ ಮಾತ್ರ ಅದು ದೂರವಾಗಿಬಿಟ್ಟಿದೆ. ಸ್ವಲೀನತೆ, ಅಂದರೆ ಆಟಿಸಂ ಇದೆಯೇ ಎಂಬ ಪರೀಕ್ಷೆ ಮೊದಲು ಇಂತಹ ಕಡೆ ಆಗಬೇಕು. ಕಿವಿ ಕೇಳುತ್ತದೆಯೇ ಎಂಬುದನ್ನೂ ಜೊತೆಗೇ ನೋಡಬೇಕು. ಮನೆಯ ಚಿಕಿತ್ಸೆ ಆ ನಂತರದ ಮಾತು.

ಇತ್ತೀಚೆಗೆ ಮನೆಗೇ ಬಂದು ವರ್ತನಾ ಚಿಕಿತ್ಸೆ ನೀಡುವವರೂ ಇದ್ದಾರೆ. ಕೂಗಾಡುವ ಮಗುವನ್ನು ಬಸ್ಸಿನಲ್ಲಿ ಕರೆದೊಯ್ಯಲಾಗದ ತಾಯಂದಿರಿಗೆ ಇದೊಂದು ಅನುಕೂಲ. ಆದರೆ ಇದನ್ನು ಟ್ಯೂಷನ್ ಎಂದು ಭಾವಿಸುವವರೇ ಹೆಚ್ಚು. ಚಿಕಿತ್ಸಕಿಯ ಕೈಗೆ ಮಗುವನ್ನೊಪ್ಪಿಸಿ ತಾಯಿ ಅಡುಗೆಮನೆಗೆ, ತಂದೆ ಅಂಗಡಿಗೆ ಹೋದರೆ ಅದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆಯೇ ಸರಿ. ವಾರಕ್ಕೆ 168 ಗಂಟೆಗಳು. ಚಿಕಿತ್ಸಕಿ ಬರುವುದು ಎರಡೋ ಮೂರೋ ಗಂಟೆ. ಉಳಿದ ಹೊತ್ತು ಮಗುವಿಗೆ ಕಲಿಸುವವರು ಯಾರು?

ಹಾಗಾದರೆ ಈ ಚಿಕಿತ್ಸೆಯಲ್ಲಿ ನಡೆಯುವುದೇನು? ಮೊದಲ ಕೆಲವು ಭೇಟಿಗಳಲ್ಲಿ ಅವರು ಹೆಚ್ಚಾಗಿ ನೋಡುತ್ತಾರೆ, ಕೇಳುತ್ತಾರೆ. 'ಏನೂ ಕಲಿಸುತ್ತಿಲ್ಲ' ಎಂದು ಬೇಸರಿಸಬೇಕಿಲ್ಲ. ಒಂದು ವರ್ತನೆಯ ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ಅದಕ್ಕೆ ಏನು ಸಿಕ್ಕಿತು ಎಂಬ ಮೂರು ಪ್ರಶ್ನೆಗಳೇ ಈ ವಿದ್ಯೆಯ ಬುನಾದಿ. ಮಗು ಕಿರುಚಿತು, ಅಜ್ಜಿ ಮೊಬೈಲ್ ಕೊಟ್ಟರು, ಕಿರುಚಾಟ ನಿಂತಿತು. ಕಿರುಚಿದರೆ ಮೊಬೈಲ್ ಸಿಗುತ್ತದೆಂಬ ಪಾಠವನ್ನು ಮಗು ಅಲ್ಲಿ ಚೆನ್ನಾಗಿ ಕಲಿತಿತು. ಕಿರುಚುವ ಬದಲು ಬೆರಳು ತೋರಿಸಿ, ಚಿತ್ರದ ಕಾರ್ಡ್ ಕೊಟ್ಟು ಅಥವಾ ಒಂದು ಪದ ನುಡಿದು ಕೇಳುವುದನ್ನು ಕಲಿಸುವುದೇ ಚಿಕಿತ್ಸೆ. ಉಸ್ತಾದರು ಅಲಿಫ್ ಗಟ್ಟಿಯಾಗದೆ ಬಾ ಅಕ್ಷರಕ್ಕೆ ಹೋಗುವುದಿಲ್ಲ. ಹಾಗೆಯೇ ಇಲ್ಲಿಯೂ ಕೈ ತೊಳೆಯುವಂತಹ ಒಂದು ಕೆಲಸವನ್ನು ಹಲವು ಸಣ್ಣ ಹೆಜ್ಜೆಗಳಾಗಿ ಒಡೆದು, ಒಂದೊಂದನ್ನೂ ಮೆಚ್ಚುಗೆಯಿಂದ ಗಟ್ಟಿ ಮಾಡಲಾಗುತ್ತದೆ.

ಹಳೆಯ ಅಭ್ಯಾಸಕ್ಕೆ ಫಲ ಸಿಗದಾದಾಗ ಹಟ ಕೆಲವು ದಿನ ಇನ್ನೂ ಹೆಚ್ಚಬಹುದು. ಬಹಳಷ್ಟು ಮನೆಗಳು ಸೋಲುವುದು ಇಲ್ಲಿಯೇ. ತಾಯಿ ಒಂದು ಹೇಳಿ, ದಾದಿ ಇನ್ನೊಂದು ಮಾಡಿದರೆ ತಿಂಗಳ ಶ್ರಮ ಒಂದೇ ಸಂಜೆಗೆ ಮಣ್ಣುಪಾಲು. ತಂದೆ ಕೂಡ ಚಿಕಿತ್ಸೆಯ ವೇಳೆ ಕುಳಿತು ಕಲಿಯಬೇಕಾದುದು ಈ ಕಾರಣಕ್ಕೆ. ಮಗುವಿನ ಸ್ಥಿತಿಗೆ ತಾಯಿಯನ್ನು ದೂರುವ ನಮ್ಮ ಮನೆಗಳ ಕ್ರೌರ್ಯಕ್ಕೆ ಯಾವ ಆಧಾರವೂ ಇಲ್ಲ. ಸ್ವಲೀನತೆ ಸಾಕಣೆಯ ದೋಷದಿಂದ ಬರುವುದಲ್ಲ.

ಹೆತ್ತವರೇ ಕಲಿತರೆ ಫಲವಿದೆಯೇ? ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳ ಮೇಲೆ ನಡೆದ ಒಂದು ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಅಲ್ಲಿ ಹೆತ್ತವರಿಗೆ ತರಬೇತಿ ಕೊಟ್ಟವರು ತಜ್ಞ ವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು. ಹೆತ್ತವರು ಮಗುವಿನ ಸಂಜ್ಞೆಗಳಿಗೆ ಸ್ಪಂದಿಸುವ ರೀತಿ ಸುಧಾರಿಸಿತು, ಮಕ್ಕಳು ತಾವಾಗಿಯೇ ಸಂವಹನಕ್ಕೆ ತೊಡಗುವುದು ಹೆಚ್ಚಿತು. ಸ್ವಲೀನತೆ ಮಾಯವಾಯಿತೆಂದು ಆ ಅಧ್ಯಯನ ಹೇಳಿಕೊಂಡಿಲ್ಲ. 'ಆರು ತಿಂಗಳಲ್ಲಿ ಪೂರ್ತಿ ಗುಣಪಡಿಸುತ್ತೇವೆ' ಎನ್ನುವವರಿಗೆ ಬಾಗಿಲು ತೆರೆಯಬೇಡಿ. ಹೊಡೆಯುವ, ಕಟ್ಟಿಹಾಕುವ, ಅನ್ನ ಕೊಡದೆ ಕಲಿಸುವ ಯಾವುದೂ ಚಿಕಿತ್ಸೆಯಲ್ಲ. ಕೈ ಬೀಸುವಂತಹ, ಯಾರಿಗೂ ನೋವು ಕೊಡದ ಅಭ್ಯಾಸಗಳನ್ನು ಹಟ ಹಿಡಿದು ನಿಲ್ಲಿಸಬೇಕಿಲ್ಲ. ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಕೇಳಿ. ಗುರಿಗಳನ್ನು ಬರೆದುಕೊಡಿ ಎನ್ನಿ, ಮೂರು ತಿಂಗಳಿಗೊಮ್ಮೆ ಲೆಕ್ಕ ಕೇಳಿ. ಮನೆಯಲ್ಲಿ ದಖನಿ ಬಿಟ್ಟು ಇಂಗ್ಲಿಷ್ ಮಾತನಾಡಬೇಕೆಂಬ ಸಲಹೆಗೆ ಹೆದರಬೇಡಿ. ಎರಡು ಭಾಷೆಗಳು ಸ್ವಲೀನತೆಯನ್ನು ಹೆಚ್ಚಿಸುತ್ತವೆ ಎಂಬುದಕ್ಕೆ ಪುರಾವೆಯಿಲ್ಲ. ತಾಯಿ ಲಾಲಿ ಹಾಡುವ ಭಾಷೆಯಲ್ಲೇ ಮಗು ಕಲಿಯಲಿ.

ಇನ್ನು ವೆಚ್ಚದ ಪ್ರಶ್ನೆ. ಆಟೋ ಓಡಿಸುವ ತಂದೆ, ಅಗರಬತ್ತಿ ಹೊಸೆಯುವ ತಾಯಿ ಖಾಸಗಿ ಚಿಕಿತ್ಸೆಗೆ ಎಲ್ಲಿಂದ ತಂದಾರು? 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದ 21 ವೈಕಲ್ಯಗಳಲ್ಲಿ ಸ್ವಲೀನತೆಯೂ ಒಂದು. ಪ್ರಮಾಣಪತ್ರ ಪಡೆದರೆ ರಾಷ್ಟ್ರೀಯ ನ್ಯಾಸದ 'ನಿರಾಮಯ' ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ರಕ್ಷಣೆಯಿದ್ದು, ಮಿತಿಗೊಳಪಟ್ಟು ಥೆರಪಿಯ ವೆಚ್ಚವೂ ಅದರಲ್ಲಿ ಸೇರಿದೆ. ಶಾಲೆಗೆ ಹೋಗಲಾಗದ ಮಕ್ಕಳಿಗೆ ಸಮಗ್ರ ಶಿಕ್ಷಣದಡಿ ಗೃಹಾಧಾರಿತ ಶಿಕ್ಷಣದ ಅವಕಾಶವೂ ಇದೆ. ಕಾನೂನು ಕಾಗದದಲ್ಲುಳಿಯದಂತೆ ಸರಕಾರವನ್ನು ಎಚ್ಚರಿಸಬೇಕಾದುದು ನ್ಯಾಯ. ಆದರೆ, 'ಮುಂದೆ ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾದೀತು' ಎಂದು ಪ್ರಮಾಣಪತ್ರವನ್ನೇ ಬೇಡವೆನ್ನುವ ನಾವು ಯಾವ ಬಾಯಿಯಿಂದ ಹಕ್ಕು ಕೇಳುವುದು?

ಬಡ ಹೆಣ್ಣುಮಕ್ಕಳ ಮದುವೆಗೆ, ಹೊಲಿಗೆ ಯಂತ್ರಕ್ಕೆ ನೆರವಾಗುವ ಜಮಾಅತ್‌ಗಳು ಇಂತಹ ಬಡಮಗುವಿನ ಚಿಕಿತ್ಸೆಯ ಹೊಣೆಯನ್ನೂ ಹೊರಲಿ. ಮಸೀದಿಯಲ್ಲಿ ಸಫ್ ನಡುವೆ ಓಡಾಡುವ ಮಗುವನ್ನು ಗದರಿಸುವ ಮೊದಲು ಅದರ ತಂದೆಯ ಮುಖವನ್ನೊಮ್ಮೆ ನೋಡೋಣ. ಆ ಮಗು ಮುಂದೊಂದು ದಿನ ತಾನಾಗಿ ತನ್ನ ಅಂಗಿಯ ಗುಂಡಿ ಹಾಕಿಕೊಂಡರೆ ಜಗತ್ತಿಗೆ ಅದು ಸುದ್ದಿಯಲ್ಲ. ಆ ಮನೆಗೆ ಮಾತ್ರ ಅದು ಈದ್. ಅಂತಹ ಸಣ್ಣ ಈದ್‌ಗಳಿಗಾಗಿ ಕಾಯುವ ಸಹನೆ ನಮ್ಮ ಮನೆಗಳಿಗೆ ಬರಲಿ.