ಈಶಾನ್ಯದ ಪರಂಗಿ ಅಳಿಯ

ಹಳೆ ಮೈಸೂರು ಸೀಮೆಯವರು ಪಪಾಯಿಗೆ ಪರಂಗಿ ಹಣ್ಣು ಎನ್ನುತ್ತಾರೆ. ಪರಂಗಿಯವರು, ಎಂದರೆ ಸಮುದ್ರ ದಾಟಿ ಬಂದ ಬಿಳಿಯರು, ತಂದ ಹಣ್ಣು ಎಂಬುದು ಆ ಹೆಸರಿನ ಅರ್ಥ. ಪಾರಸಿಯ ಮೂಲಕ ಬಂದ ಇದೇ ಮಾತು ವರ್ತಕರ ಜೊತೆಯಲ್ಲಿ ಪೂರ್ವದೇಶಗಳಿಗೂ ಹೋಯಿತು. ಥಾಯ್ಲೆಂಡಿನಲ್ಲಿ ಅದು 'ಫರಂಗ್' ಎಂಬ ರೂಪದಲ್ಲಿ ನೆಲೆನಿಂತಿದೆ. ಅಲ್ಲಿ ಫರಂಗ್ ಎಂದರೆ ಪಾಶ್ಚಾತ್ಯನೂ ಹೌದು, ಸೀಬೆಹಣ್ಣೂ ಹೌದು. ಬಿಳಿಯನೊಬ್ಬ ಸಂತೆಯಲ್ಲಿ ಸೀಬೆಹಣ್ಣು ಕೊಂಡು ಕಚ್ಚಿದರೆ ಮಾರುವ ಹೆಂಗಸರು 'ಫರಂಗ್ ಫರಂಗನ್ನು ತಿನ್ನುತ್ತಿದ್ದಾನೆ' ಎಂದು ನಗುವುದು ಆ ದೇಶದ ಹಳೆಯ ಹಾಸ್ಯ. ಹೊಸದಾಗಿ ಬಂದವನಿಗೆ ಮೊದಲ ಸಲ ನಗು ಬರುತ್ತದೆ. ನೂರನೆಯ ಸಲವೂ ನಗಬೇಕಾಗುತ್ತದೆ. ನಗದಿದ್ದರೆ ಊರು ಅವನನ್ನು ಮುಂಗೋಪಿ ಎನ್ನುತ್ತದೆ.

ಆ ದೇಶದ ಈಶಾನ್ಯ ಭಾಗದ ಹೆಸರೇ 'ಈಸಾನ್'. ಸಂಸ್ಕೃತದ ಈಶಾನ ಅಲ್ಲಿ ಈಸಾನ್ ಆಗಿದೆ, ನಮ್ಮಲ್ಲಿ ಈಶಾನ್ಯ. 20 ಪ್ರಾಂತಗಳ ಈ ಸೀಮೆಯಲ್ಲಿ ದೇಶದ ಸುಮಾರು ಮೂರನೆಯ ಒಂದು ಪಾಲು ಜನ ವಾಸಿಸುತ್ತಾರೆ. ಊರುಗಳ ಹೆಸರನ್ನು ತುಸು ಬಿಡಿಸಿ ನೋಡಿದರೆ ಕನ್ನಡ ಶಾಲೆಯ ಮಕ್ಕಳಿಗೂ ಅರ್ಥವಾಗುವಂತಿವೆ. ಸಕೋನ್ ನಖೋನ್ ಎಂಬುದು ಸಕಲ ನಗರ, ನಖೋನ್ ರಾಚಸೀಮಾ ಎಂಬುದು ನಗರ ರಾಜಸೀಮಾ. ಉದೊನ್ ಥಾನಿಯ 'ಉದೊನ್' ಉತ್ತರ. 'ಥಾನಿ' ನಮ್ಮ ರಾಜಧಾನಿಯೊಳಗಿನ ಧಾನಿ. ಮೇಷ್ಟರು ಅಲ್ಲಿ 'ಖ್ರೂ', ಎಂದರೆ ಗುರು. ಪ್ರಾಥಮಿಕ ಶಾಲೆಯ ತರಗತಿಗಳು 'ಪ್ರಥೋಮ್', ಪ್ರೌಢಶಾಲೆಯವು 'ಮತ್ಥಯೋಮ್', ಎಂದರೆ ಪ್ರಥಮ, ಮಧ್ಯಮ. ಅಲ್ಲಿನ 'ಫಾಸಾ' ಭಾಷೆಯೇ. ಈ ಸಂಸ್ಕೃತದ ಹೊದಿಕೆಯ ಕೆಳಗಿರುವ ಆಡುಮಾತು ಮಾತ್ರ ಬೇರೊಂದೇ ಕುಲದ್ದು.

ಈ ಬಡ ಸೀಮೆಗೆ ಪಾಶ್ಚಾತ್ಯರು ಬಂದು ನೆಲೆಸಿದ್ದಕ್ಕೆ ಹಿನ್ನೆಲೆಯಾಗಿ ಒಂದು ಯುದ್ಧವಿದೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ವಾಯುಪಡೆ ಉದೊನ್, ಉಬೊನ್, ಕೋರಾಟ್, ನಖೋನ್ ಫನೋಮ್‌ಗಳಲ್ಲಿ ನೆಲೆಗಳನ್ನು ಹೂಡಿತ್ತು. ಸೈನ್ಯ ತೆರಳಿತು, ಮದುವೆಗಳು ಉಳಿದವು. ಮುಂದೆ ಈಸಾನಿನ ಹೆಣ್ಣುಮಕ್ಕಳು ದುಡಿಮೆಗಾಗಿ ಬ್ಯಾಂಕಾಕಿಗೂ ಪ್ರವಾಸಿ ಪಟ್ಟಣಗಳಿಗೂ ಹೋದಾಗ ಅಲ್ಲಿ ಕಂಡ ಜರ್ಮನ್, ಇಂಗ್ಲಿಷ್, ಸ್ವೀಡಿಷ್ ಗಂಡಸರನ್ನು ವರಿಸಿ ತವರಿಗೆ ಕರೆತಂದರು. ಇಂದು ಭತ್ತದ ಗದ್ದೆಗಳ ನಡುವೆ ಹೆಂಚಿನ ದೊಡ್ಡ ಮನೆಯೊಂದು ಒಂಟಿಯಾಗಿ ಎದ್ದು ನಿಂತಿದ್ದರೆ, ಅದು ಫರಂಗನ ಮನೆಯಿರಬಹುದೆಂದು ದಾರಿಹೋಕರು ಊಹಿಸುತ್ತಾರೆ.

ಅಂಥ ಮನೆಯ ಯಜಮಾನನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಅರುವತ್ತು ದಾಟಿದವನು, ತನ್ನ ದೇಶದಲ್ಲಿ ಯಾವುದೋ ಕಾರ್ಖಾನೆಯಲ್ಲಿ ದುಡಿದು ಪಿಂಚಣಿ ಪಡೆದವನು. ಹಳ್ಳಿಯ ಶಾಂತಿಯನ್ನು ಅರಸಿ ಬಂದ ಆತನನ್ನು ಮೊದಲ ದಿನವೇ ಬೆಳಗಿನ ಜಾವದಲ್ಲಿ ಎಬ್ಬಿಸುವುದು ಧ್ವನಿವರ್ಧಕ. 'ಫೂಯಾಯ್ ಬಾನ್', ಎಂದರೆ ಊರ ಮುಖಂಡ, ಕಂಬಕ್ಕೆ ಕಟ್ಟಿದ ಭೋಂಗಾಗಳ ಮೂಲಕ ಇಡೀ ಊರಿಗೆ ಸುದ್ದಿ ಸಾರುತ್ತಾನೆ. ಯಾರ ಮನೆಯಲ್ಲಿ ಸಾವು, ಯಾವ ದಿನ ಲಸಿಕೆ, ಯಾವ ಹೊತ್ತಿನಲ್ಲಿ ನೀರು ನಿಲ್ಲುತ್ತದೆ, ಎಲ್ಲವೂ ಅದರಲ್ಲೇ. ಆಮೇಲೆ ಭಿಕ್ಷುಗಳು ಬರಿಗಾಲಿನಲ್ಲಿ ಸಾಲಾಗಿ ಬರುತ್ತಾರೆ. ಹೆಂಗಸರು ಮೊಣಕಾಲೂರಿ ಕುಳಿತು ಅವರ ಪಾತ್ರೆಗೆ ಚಿಟಿಕೆ ಚಿಟಿಕೆಯಾಗಿ ಅಂಟಕ್ಕಿಯ ಅನ್ನ ಹಾಕುತ್ತಾರೆ. ಆ ಅಕ್ಕಿ ರಾತ್ರಿಯೇ ನೆನೆದಿರಬೇಕು, ಬೆಳಗ್ಗೆ ಬಿದಿರಿನ ಬುಟ್ಟಿಯಲ್ಲಿ ಹಬೆಯಲ್ಲಿ ಬೇಯಬೇಕು. ಬೆಂದ ಅನ್ನವನ್ನು 'ಕ್ರಾತಿಪ್' ಎಂಬ ಮುಚ್ಚಳದ ಬುಟ್ಟಿಯಲ್ಲಿಟ್ಟರೆ ದಿನವಿಡೀ ಹೊಲಕ್ಕೂ ಮನೆಗೂ ಅದೇ ಬುತ್ತಿ. ಕೈಯಲ್ಲಿ ಉಂಡೆ ಮಾಡಿ, ಖಾರದಲ್ಲಿ ಅದ್ದಿ ಬಾಯಿಗಿಡುವುದು ಕ್ರಮ. ರಾಗಿ ಮುದ್ದೆ ಮುರಿದ ಕೈಗೆ ಇದು ಅರ್ಧ ದಿನದ ವಿದ್ಯೆ. ಮುಳ್ಳುಚಮಚ ಹಿಡಿದು ಬೆಳೆದ ಕೈಗೆ ಒಂದೆರಡು ತಿಂಗಳು ಬೇಕು. ಪರಂಗಿ ಕಾಯಿಯನ್ನು ಸಣ್ಣಗೆ ಸೀಳಿ ಒರಳಿನಲ್ಲಿ ಮೆಣಸಿನಕಾಯಿ, ಹುಳಿಯೊಡನೆ ಕುಟ್ಟಿದ 'ಸೋಮ್ ತಾಮ್' ಆತನಿಗೆ ಬೇಗ ಒಗ್ಗುತ್ತದೆ. ಅದಕ್ಕೆ ಬೀಳುವ 'ಪ್ಲಾ ರಾ', ತಿಂಗಳುಗಟ್ಟಲೆ ಉಪ್ಪಿನಲ್ಲಿ ಕೊಳೆಸಿದ ಮೀನಿನ ರಸ, ಅನೇಕರಿಗೆ ಕೊನೆಯವರೆಗೂ ಒಗ್ಗುವುದಿಲ್ಲ.

ಮನೆಯಿಂದ ಹೊರಬಿದ್ದರೆ ಎದುರಾದವರೆಲ್ಲ 'ಎಲ್ಲಿಗೆ ಹೊರಟೆ?' ಎಂದು ಕೇಳುತ್ತಾರೆ, ಇಲ್ಲವೆ 'ಉಂಡಾಯಿತೆ?' ಎಂದು. ಎರಡನೆಯದು ಕನ್ನಡಿಗರಿಗೆ ಸ್ವಂತ ಅಂಗಳದ ಮಾತು. ಮೊದಲನೆಯದನ್ನು ನಮ್ಮ ಹಿರಿಯರು ಹೊರಟವರಿಗೆ ಕೇಳಬಾರದೆಂದು ತಡೆಯುತ್ತಿದ್ದರು. ಅಲ್ಲಿ ಕೇಳದಿರುವುದೇ ಬಿಂಕ. ಪಾಶ್ಚಾತ್ಯನಿಗೆ ಎರಡೂ ವಿಚಾರಣೆಯಂತೆ ತೋರುತ್ತವೆ. ಬ್ಯಾಂಕಿಗೆ ಹೋಗುತ್ತಿದ್ದೇನೆ, ಹತ್ತು ಗಂಟೆಯೊಳಗೆ ಹಿಂದಿರುಗುತ್ತೇನೆ ಎಂದು ಆತ ವಿವರವಾಗಿ ಉತ್ತರಿಸುತ್ತಾನೆ. ಕೇಳಿದವರು ಅಷ್ಟರಲ್ಲಿ ಮುಂದೆ ಸಾಗಿರುತ್ತಾರೆ. ಅದು ನಮಸ್ಕಾರದ ಇನ್ನೊಂದು ರೂಪವೆಂದು ಅವನಿಗೆ ತಿಳಿಯಲು ಒಂದು ಮಳೆಗಾಲವಾದರೂ ಕಳೆಯಬೇಕು.

ಭಾಷೆಯ ತೊಡಕು ಇಷ್ಟಕ್ಕೆ ಮುಗಿಯುವುದಿಲ್ಲ. ಥಾಯ್ ಭಾಷೆಯಲ್ಲಿ ಐದು ಸ್ವರಗಳಿವೆ. ಸಂಗೀತದ ಸ್ವರಗಳಂತೆ ದನಿಯ ಏರಿಳಿತವೇ ಅರ್ಥವನ್ನು ಬದಲಿಸುತ್ತದೆ. 'ಮಾಯ್' ಎಂಬ ಒಂದೇ ಸದ್ದು ದನಿ ಬದಲಾದಂತೆ ಹೊಸತು, ಕಟ್ಟಿಗೆ, ರೇಷ್ಮೆ, ಅಲ್ಲ ಎಂದೆಲ್ಲ ಆಗಬಲ್ಲದು. ನಮ್ಮ ಯಜಮಾನ ಶ್ರದ್ಧಾವಂತ. ಪುಸ್ತಕವಿಟ್ಟುಕೊಂಡು ಎರಡು ವರ್ಷ ಥಾಯ್ ಕಲಿತಿದ್ದಾನೆ, ಅಕ್ಷರವನ್ನೂ ಓದಬಲ್ಲ. ಹೀಗೆ ಸಜ್ಜಾಗಿ ಅತ್ತೆಯ ಮುಂದೆ ಕುಳಿತರೆ ಅವಳ ಮಾತು ಒಂದೂ ತಿಳಿಯುವುದಿಲ್ಲ. 'ಅಲ್ಲ' ಎನ್ನಲು ಪುಸ್ತಕ 'ಮಾಯ್' ಎಂದು ಕಲಿಸಿದೆ. ಅತ್ತೆ 'ಬೋ' ಎನ್ನುತ್ತಾಳೆ. 'ರುಚಿಯಾಗಿದೆ' ಎನ್ನಲು ಪುಸ್ತಕದ್ದು 'ಆರೋಯ್', ಅತ್ತೆಯದು 'ಸೇಪ್'. ಆತ ಕಲಿತದ್ದು ಬ್ಯಾಂಕಾಕಿನ ಭಾಷೆ. ಆ ಮನೆಯ ಭಾಷೆ ಲಾವೊ.

ಈ ಸಂಗತಿ ಗಡಿನಾಡಿನ ಓದುಗರಿಗೆ ದೂರದ್ದಲ್ಲ. ಈಸಾನಿನ ಜನರು ಆಡುವುದು ಮೆಕಾಂಗ್ ನದಿಯ ಆಚೆ ಲಾವೋಸಿನಲ್ಲಿ ರಾಷ್ಟ್ರಭಾಷೆಯಾಗಿರುವ ಲಾವೊ ಮಾತನ್ನೇ. ಆಡುವವರ ಸಂಖ್ಯೆ ಲಾವೋಸಿನಲ್ಲಿರುವುದಕ್ಕಿಂತ ಈಸಾನಿನಲ್ಲೇ ಹೆಚ್ಚು. 1893ರಲ್ಲಿ ಫ್ರಾನ್ಸ್ ಸಯಾಮನ್ನು ಮಣಿಸಿ ನದಿಯ ಎಡದಂಡೆಯನ್ನು ವಶಪಡಿಸಿಕೊಂಡಾಗ ಒಂದೇ ಮಾತಿನ ಜನ ಎರಡು ಪಾಲಾದರು. ಫ್ರಾನ್ಸಿನವರೂ ಫರಂಗರೇ ಎಂಬುದನ್ನು ಮರೆಯುವಂತಿಲ್ಲ. ಆಚೆಯ ಲಾವೊ ತನ್ನದೇ ಲಿಪಿಯಲ್ಲಿ ಪತ್ರಿಕೆಯಾಯಿತು, ಪಠ್ಯವಾಯಿತು, ಕಾನೂನಾಯಿತು. ಈಚೆಯದು ಮನೆಯೊಳಗೆ ಉಳಿಯಿತು. 1921ರ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯಿದೆಯೊಡನೆ ಬ್ಯಾಂಕಾಕಿನ ಥಾಯ್ ಹಳ್ಳಿಯ ಶಾಲೆಗಳಿಗೂ ಬಂತು. ಈಸಾನ್ ಮಾತು ಥಾಯ್ ಭಾಷೆಯದೇ ಒಂದು ಪ್ರಾದೇಶಿಕ ರೂಪವೆಂದು ಹೆಸರು ಪಡೆಯಿತು. ತಾಳೆಗರಿಗಳಲ್ಲಿ ಕಥೆ ಪುರಾಣಗಳನ್ನು ಬರೆದಿಟ್ಟ ಅದರ ಹಳೆಯ 'ತಾಯ್ ನೋಯ್' ಲಿಪಿಯನ್ನು ಓದಬಲ್ಲವರು ವಿರಳರಾದರು. ಇತ್ತೀಚಿನ ವರ್ಷಗಳಲ್ಲಿ ಖೋನ್ ಕೇನ್ ವಿಶ್ವವಿದ್ಯಾಲಯದ ವಿದ್ವಾಂಸರು ಆ ಲಿಪಿಯನ್ನು ಕೆಲವು ಪಟ್ಟಣಗಳ ಶಾಲೆಗಳಿಗೆ ಮರಳಿ ತರುವ ಯತ್ನ ಮಾಡಿದ್ದಾರೆ. ತಡವಾದ ಯತ್ನ, ಆದರೂ ಯತ್ನ.

ಆದುದರಿಂದ ಕಾಸರಗೋಡಿನಲ್ಲೋ ಸೊಲ್ಲಾಪುರದಲ್ಲೋ ಕುಳಿತು ಈ ಕಥೆ ಓದುವವರಿಗೆ ಹೋಲಿಕೆ ಸಿಗುವುದು ಫರಂಗನಲ್ಲಿ ಅಲ್ಲ. ಆತ ತಾನಾಗಿ ಬಂದವನು. ಬೇಸರವಾದರೆ ಹಿಂದಿರುಗಲು ಅವನಿಗೊಂದು ದೇಶವಿದೆ. ಹೋಲಿಕೆ ಸಿಗುವುದು ಅತ್ತೆಯಲ್ಲಿ. ಅವಳು ಎಲ್ಲಿಗೂ ಹೋದವಳಲ್ಲ. ಗೆರೆ ಬಂದು ಅವಳ ಹಿರಿಯರ ಪಕ್ಕದಲ್ಲಿ ಬಿದ್ದಿತು, 1956ರಲ್ಲಿ ನಮ್ಮ ಅಜ್ಜಂದಿರ ಪಕ್ಕದಲ್ಲಿ ಬಿದ್ದ ಹಾಗೆ.

ಫರಂಗನ ಪಾಡು ಸುಲಭವೆಂದೇನೂ ಅಲ್ಲ. ನಿವೃತ್ತಿಯ ಆಧಾರದಲ್ಲಿ ವರ್ಷ ವರ್ಷ ವಾಸದ ಅನುಮತಿ ಪಡೆಯಲು ಐವತ್ತು ವರ್ಷ ತುಂಬಿರಬೇಕು, ಬ್ಯಾಂಕಿನಲ್ಲಿ 8,00,000 ಬಾತ್ ಠೇವಣಿ ಇರಬೇಕು, ಇಲ್ಲವೆ ತಿಂಗಳಿಗೆ 65,000 ಬಾತ್ ವರಮಾನ ತೋರಿಸಬೇಕು. ಥಾಯ್ ಹೆಂಡತಿಯ ಆಧಾರದಲ್ಲಾದರೆ ಠೇವಣಿ 4,00,000. ಅದಲ್ಲದೆ 90 ದಿನಗಳಿಗೊಮ್ಮೆ ತಾನು ಇಂಥ ವಿಳಾಸದಲ್ಲೇ ಇದ್ದೇನೆಂದು ವರದಿ ಒಪ್ಪಿಸಬೇಕು. ಅನುಮತಿ ಮುಗಿದ ಮೇಲೂ ಉಳಿದರೆ ದಿನಕ್ಕೆ 500 ಬಾತ್ ದಂಡ. ಹೇರ್‌ಕಟಿಂಗ್, ವಾಹನ ಚಾಲನೆಯಂಥ ಅನೇಕ ಕಸುಬುಗಳು ಥಾಯ್ ಪ್ರಜೆಗಳಿಗೇ ಮೀಸಲು. ಉಳಿದ ಕೆಲಸಕ್ಕೂ ಪರವಾನಗಿ ಬೇಕು. ಸರಕಾರಿ ಪತ್ರಗಳಲ್ಲಿ ಇಸವಿ ಬುದ್ಧಶಕದ್ದು, 543 ವರ್ಷ ಮುಂದೆ. 2025 ಅಲ್ಲಿ 2568. ತನ್ನದಲ್ಲದ ಭಾಷೆಯ ಅರ್ಜಿ ತುಂಬಿ ಅನುಭವವಿರುವ ನಮ್ಮವರಿಗೆ ಆ ಸರತಿಯ ಸಾಲಿನಲ್ಲಿ ನಿಂತವನ ಮುಖ ಹೇಗಿರುತ್ತದೆಂದು ಹೇಳಬೇಕಾಗಿಲ್ಲ.

ಎಲ್ಲಕ್ಕಿಂತ ಕಠಿಣವಾದದ್ದು ಮಣ್ಣಿನ ನಿಯಮ. 1954ರ ಭೂಸಂಹಿತೆಯಂತೆ ವಿದೇಶಿಯು ಸಾಮಾನ್ಯವಾಗಿ ಭೂಮಿಯ ಒಡೆಯನಾಗಲಾರ. ಗೋಡೆ, ಸೂರು ಆತನದಾಗಬಹುದು; ಅಡಿಯ ನೆಲ ಹೆಂಡತಿಯದು. ಆ ನೆಲ ಕೊಳ್ಳುವಾಗ, ತೊಡಗಿಸಿದ ಹಣ ಹೆಂಡತಿಯ ಸ್ವಂತದ್ದೆಂದು, ಅದರಲ್ಲಿ ತನಗೆ ಹಕ್ಕಿಲ್ಲವೆಂದು ಆತ ನೋಂದಣಿ ಕಚೇರಿಯಲ್ಲಿ ಸಹಿ ಹಾಕುತ್ತಾನೆ. ತನ್ನ ಜೀವಮಾನದ ಉಳಿತಾಯವನ್ನು ಹೀಗೆ ಒಂದು ಸಹಿಯಲ್ಲಿ ನಂಬಿಕೆಗೆ ಒಪ್ಪಿಸುವವರಲ್ಲಿ ಕೆಲವರು ಕೆಟ್ಟದ್ದುಂಟು. ಅವರ ಕಥೆಗಳೇ ಹೆಚ್ಚು ಹರಡುತ್ತವೆ. ನಂಬಿ ನೆಮ್ಮದಿಯಾಗಿ ಮುದುಕರಾದವರ ಬಗ್ಗೆ ಹೇಳಲು ಕಥೆಯಿರುವುದಿಲ್ಲವಲ್ಲ. ತನ್ನ ಸೀಮೆಯ ರೈತರ ನೆಲ ಹಣವಂತ ಪರದೇಶಿಗಳ ಪಾಲಾಗದಂತೆ ತಡೆಯುವ ಆ ಕಾನೂನನ್ನು ತಪ್ಪೆನ್ನುವುದೂ ಕಷ್ಟ.

ಈಸಾನಿನಲ್ಲಿ ಮದುವೆಯಾದ ಗಂಡು ಹೆಣ್ಣಿನ ಮನೆಗೆ ಬಂದು ನೆಲೆಸುವುದು ಹಳೆಯ ವಾಡಿಕೆ. ಅಳಿಯನಿಗೆ ಅಲ್ಲಿ 'ಖೋಯ್' ಎಂದು ಹೆಸರು. ಇವನು 'ಖೋಯ್ ಫರಂಗ್', ಪರಂಗಿ ಅಳಿಯ. ಮದುವೆಯಲ್ಲಿ 'ಸಿನ್ ಸೋತ್' ಎಂಬ ತೆರ ಕೊಟ್ಟಿದ್ದಾನೆ. ಮಾವನ ಟ್ರ್ಯಾಕ್ಟರಿನ ಕಂತು, ಮೈದುನನ ಮಗಳ ಶಾಲೆಯ ಖರ್ಚು ಕೂಡ ಮೆಲ್ಲಮೆಲ್ಲನೆ ಅವನ ಪಾಲಿಗೆ ಬಂದಿವೆ. ತನ್ನನ್ನು ಹಣದ ಚೀಲವೆಂದು ಬಗೆದಿದ್ದಾರೆಂದು ಆತ ಕುದಿಯುವುದುಂಟು. ಇದ್ದವನು ಇಲ್ಲದವರನ್ನು ನೋಡಿಕೊಳ್ಳಬೇಕೆಂಬುದು ಆ ಮನೆಯ ಸಹಜ ಧರ್ಮ. ಕೂಡುಕುಟುಂಬ ಬಲ್ಲವರಿಗೆ ಅದು ತಿಳಿಯುತ್ತದೆ, ಅದರ ದುರುಪಯೋಗವೂ ತಿಳಿಯುತ್ತದೆ. ಆದರೆ ಆತ ಜ್ವರದಲ್ಲಿ ಮಲಗಿ ಎದ್ದ ವಾರ ಊರ ಹಿರಿಯರೆಲ್ಲ ಮನೆಗೆ ಬರುತ್ತಾರೆ. ಬಾಳೆಲೆಯ ಗೋಪುರ ಕಟ್ಟಿ, 'ಸೂ ಖ್ವಾನ್' ನಡೆಸಿ, ದೇಹ ಬಿಟ್ಟು ಅಲೆಯುವ ಪ್ರಾಣಗಳನ್ನು ಹೆಸರು ಹಿಡಿದು ಕರೆಯುತ್ತಾರೆ. ಒಬ್ಬೊಬ್ಬರಾಗಿ ಮಣಿಕಟ್ಟಿಗೆ ಬಿಳಿ ನೂಲು ಕಟ್ಟುತ್ತಾರೆ. ಮೂವತ್ತು ನಲವತ್ತು ಎಳೆ ನೂಲು ಕಟ್ಟಿಸಿಕೊಂಡು ಕುಳಿತ ಕಾರ್ಖಾನೆಯ ಮನುಷ್ಯನಿಗೆ ಆಗ ಯಾವ ಲೆಕ್ಕವೂ ನೆನಪಾಗುವುದಿಲ್ಲ.

ಆ ಮನೆಯಲ್ಲಿ ಏಳು ವರ್ಷದ ಮಗಳೊಬ್ಬಳಿದ್ದಾಳೆ ಎನ್ನೋಣ. ಇಂಥ ಮಕ್ಕಳಿಗೆ ಅಲ್ಲಿ 'ಲೂಕ್ ಖ್ರುಂಗ್', ಅರ್ಧದ ಮಗು, ಎಂದು ಹೆಸರು. ಬೆಳಗ್ಗೆ ಎಂಟಕ್ಕೆ ಶಾಲೆಯ ಅಂಗಳದಲ್ಲಿ ಬಾವುಟದ ಮುಂದೆ ನಿಂತು ಥಾಯ್ ಭಾಷೆಯಲ್ಲಿ ರಾಷ್ಟ್ರಗೀತೆ ಹಾಡುತ್ತಾಳೆ. ತಂದೆಯೊಡನೆ ಇಂಗ್ಲಿಷ್. ಅಜ್ಜಿಯೊಡನೆ ಲಾವೊ. ಮೂರರಲ್ಲಿ ಎರಡಕ್ಕೆ ಪುಸ್ತಕವುಂಟು, ಪರೀಕ್ಷೆಯುಂಟು, ನೌಕರಿಯ ಆಸೆಯುಂಟು. ಮೂರನೆಯದು ಅಜ್ಜಿಯ ಬಾಯಲ್ಲಿ ಮಾತ್ರ. ಈಚೆಗೆ ತಾಯಿ ಮಗಳೊಡನೆ ಥಾಯ್ ಮಾತ್ರ ಆಡತೊಡಗಿದ್ದಾಳೆ. ಬ್ಯಾಂಕಾಕಿನಲ್ಲಿ ದುಡಿದಾಗ ತನ್ನ ನುಡಿಯ ಧಾಟಿಗೆ ಜನ ನಕ್ಕದ್ದು ಅವಳಿಗೆ ನೆನಪಿದೆ. ಶಾಲೆಯಿಂದ ಬಂದ ಮಗುವಿಗೂ ಅಜ್ಜಿಯ ಮಾತು 'ಬಾನ್ ನೋಕ್', ಹಳ್ಳಿಗಮಾರರದು, ಎಂಬ ಅನುಮಾನ ಹತ್ತಿದೆ. ಅಜ್ಜಿ ಲಾವೊದಲ್ಲಿ ಕೇಳಿದ್ದಕ್ಕೆ ಅವಳು ಥಾಯ್‌ನಲ್ಲಿ ಉತ್ತರಿಸುತ್ತಾಳೆ. ಇಂಥ ಉತ್ತರವನ್ನು ಕೇಳಿದ ಅಜ್ಜಿಯರು ಹೊಸೂರಿನಲ್ಲೂ ಇದ್ದಾರೆ, ಅಕ್ಕಲಕೋಟೆಯಲ್ಲೂ ಇದ್ದಾರೆ.

ವಿಚಿತ್ರವೆಂದರೆ, ಆ ಮನೆಯಲ್ಲಿ ಲಾವೊ ಕಲಿಯಲು ಹಠ ಹಿಡಿದವನು ಪರಂಗಿ ಅಳಿಯನೊಬ್ಬನೇ. ಅತ್ತೆಯ ಜೊತೆ ಮಾತಾಡಲು ಅವನಿಗೆ ಬೇರೆ ದಾರಿಯಿಲ್ಲ. ಸಂಜೆ ಚಾಪೆಯ ಮೇಲೆ ಕ್ರಾತಿಪ್ ತೆರೆದಿಟ್ಟು ಎಲ್ಲರೂ ಸುತ್ತ ಕೂಡುತ್ತಾರೆ. ಆತ ಉಂಡೆ ಮಾಡಿ, ಖಾರದಲ್ಲಿ ಅದ್ದಿ, ಬಾಯಿಗಿಟ್ಟು, 'ಸೇಪ್' ಎನ್ನುತ್ತಾನೆ. ದನಿ ಎಲ್ಲೋ ಜಾರಿ ಮಾತು ಮಾತಾಗಿಯೇ ಕೇಳಿಸುವುದಿಲ್ಲ. ಅಜ್ಜಿ ತಿದ್ದುತ್ತಾಳೆ. ಆತ ಇನ್ನೊಮ್ಮೆ ಹೇಳುತ್ತಾನೆ, ಇನ್ನೊಮ್ಮೆ ತಪ್ಪುತ್ತಾನೆ. ಮಗುವಿಗೆ ನಗು ತಡೆಯಲಾಗುವುದಿಲ್ಲ. ಕೈಯಲ್ಲಿದ್ದ ಅನ್ನವನ್ನು ಬಿಟ್ಟು, ಹಾಗಲ್ಲ ಅಪ್ಪಾ ಎಂದು, ಅಜ್ಜಿಯ ದನಿಯಲ್ಲೇ, ಅಜ್ಜಿಯ ಮಾತಿನಲ್ಲೇ, ಅವನಿಗೆ ಹೇಳಿಕೊಡಲು ಶುರುಮಾಡುತ್ತಾಳೆ. ಅಜ್ಜಿ ಏನೂ ಹೇಳದೆ ಮೊಮ್ಮಗಳ ಮುಂದಕ್ಕೆ ಅನ್ನದ ಬುಟ್ಟಿಯನ್ನು ಸರಿಸುತ್ತಾಳೆ.